ಎಂಎಸ್‌ಐ ಆಫ್ಟರ್‌ಬರ್ನರ್: ಆರ್‌ಟಿಎಕ್ಸ್ 3080 ಕಾರ್ಡಿನ ಕಾವು ಇಳಿಸಲು ಸಾಕಾಗುವ ಉಚಿತ ತಂತ್ರಾಂಶ

ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರಿನಲ್ಲಿ ಆಟಗಳ ದೃಶ್ಯಗಳನ್ನು ಮೂಡಿಸುವ ಭಾಗ, 2020ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಅದರ ವೇಗದ ಬಗ್ಗೆ ಇಂದಿಗೂ ದೊಡ್ಡ ದೂರುಗಳಿಲ್ಲ. ದೂರಿರುವುದು ಅದು ಕುಡಿಯುವ ವಿದ್ಯುತ್ತಿನ ಬಗ್ಗೆ. ಕಂಪನಿಯೇ ನಮೂದಿಸಿರುವಂತೆ ಅದರ ಮಿತಿ 320 ವ್ಯಾಟ್, ಮತ್ತು ಆ ವಿದ್ಯುತ್ತೆಲ್ಲವೂ ಕೊನೆಗೆ ಬಿಸಿಗಾಳಿಯಾಗಿ ಕೋಣೆಯನ್ನೇ ಸೇರುತ್ತದೆ. ಕಲಬುರಗಿ, ರಾಯಚೂರುಗಳ ಏಪ್ರಿಲ್ ಮಧ್ಯಾಹ್ನದಲ್ಲಿ ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ ಇಂಥ ಕಾರ್ಡನ್ನು ಪೂರ್ಣ ವೇಗದಲ್ಲಿ ಓಡಿಸುವುದು ಕಾರ್ಡಿಗಿಂತ ಮೊದಲು ಕುಳಿತವರಿಗೇ ಕಷ್ಟ. ಇದಕ್ಕೆ ಹೊಸ ಕ್ಯಾಬಿನೆಟ್ಟನ್ನೋ ದುಬಾರಿ ಕೂಲರನ್ನೋ ಕೊಳ್ಳುವ ಮೊದಲು ಪ್ರಯತ್ನಿಸಬೇಕಾದ ಉಪಾಯವೆಂದರೆ ಚಿಪ್ಪಿಗೆ ಹೋಗುವ ವೋಲ್ಟೇಜನ್ನು ಇಳಿಸುವುದು, ಅಂದರೆ ಅಂಡರ್‌ವೋಲ್ಟ್ ಮಾಡುವುದು. ಎನ್‌ವಿಡಿಯಾ ಕಾರ್ಡುಗಳಲ್ಲಿ ಆ ಕೆಲಸಕ್ಕೆ ಬಹುತೇಕರು ಬಳಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶವೇ ಈ ವಿಮರ್ಶೆಯ ವಸ್ತು.

ವೋಲ್ಟೇಜ್ ಇಳಿಸಿದರೂ ವೇಗ ಉಳಿಯುವುದು ಹೇಗೆ ಎಂಬ ಸಂದೇಹ ಸಹಜ. ಒಂದೇ ಕಾರ್ಖಾನೆಯಿಂದ ಬಂದ ಚಿಪ್ಪುಗಳು ಗುಣದಲ್ಲಿ ಒಂದೇ ಸಮನಾಗಿರುವುದಿಲ್ಲ. ಅವುಗಳಲ್ಲಿ ದುರ್ಬಲವಾದದ್ದೂ ತಪ್ಪಿಲ್ಲದೆ ಓಡಬೇಕೆಂದು ತಯಾರಕರು ಎಲ್ಲಕ್ಕೂ ಸ್ವಲ್ಪ ಧಾರಾಳವಾಗಿಯೇ ವೋಲ್ಟೇಜ್ ನಿಗದಿ ಮಾಡಿರುತ್ತಾರೆ. ಒಳ್ಳೆಯ ಚಿಪ್ಪು ಸಿಕ್ಕವರ ಪಾಲಿಗೆ ಆ ಹೆಚ್ಚುವರಿ ವ್ಯರ್ಥ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳ ಸ್ವಿಚಿಂಗ್‌ಗೆ ತಗಲುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ವೇಗ ಅಷ್ಟೇ ಇರುವಾಗ 1.05 ವೋಲ್ಟಿನಿಂದ 0.85 ವೋಲ್ಟಿಗೆ ಇಳಿದರೆ ಆ ಭಾಗದ ಖರ್ಚು ಲೆಕ್ಕದ ಪ್ರಕಾರ ಸುಮಾರು 35 ಶೇಕಡಾ ತಗ್ಗುತ್ತದೆ. ಇಡೀ ಕಾರ್ಡಿನ ಬಳಕೆ ಅಷ್ಟು ಇಳಿಯುವುದಿಲ್ಲ, ಏಕೆಂದರೆ ಮೆಮೊರಿ, ಫ್ಯಾನ್ ಮತ್ತು ವಿದ್ಯುತ್ ನಿಯಂತ್ರಕಗಳ ಪಾಲು ಪ್ರತ್ಯೇಕವಾಗಿರುತ್ತದೆ. ಅದರಲ್ಲೂ ಈ ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮೊರಿ ಸ್ವಭಾವತಃ ಬಿಸಿಯಾದದ್ದು.

ಆಫ್ಟರ್‌ಬರ್ನರ್‌ಗೆ ಎಂಎಸ್‌ಐ ಹೆಸರಿದ್ದರೂ ಅದು ಬೇರೆ ಕಂಪನಿಗಳ ಕಾರ್ಡುಗಳಲ್ಲೂ ಓಡುತ್ತದೆ, ಹಣ ಕೇಳುವುದಿಲ್ಲ. ಗ್ರಾಫಿಕ್ಸ್ ಕಾರ್ಡುಗಳನ್ನು ಹೊಂದಿಸುವ ಹಳೆಯ ರಿವಾಟ್ಯೂನರ್ ತಂತ್ರಾಂಶವನ್ನು ಬರೆದ ಅಲೆಕ್ಸಿ ನಿಕೊಲಾಯ್‌ಚುಕ್ ಅವರೇ ಇದನ್ನೂ ಬೆಳೆಸಿಕೊಂಡು ಬಂದಿದ್ದಾರೆ. ಇದರ ನಿಜವಾದ ಬೆಲೆ ಇರುವುದು ವೋಲ್ಟೇಜ್ ಮತ್ತು ವೇಗದ ಸಂಬಂಧವನ್ನು ರೇಖೆಯಾಗಿ ತೋರಿಸುವ ಕರ್ವ್ ಎಡಿಟರ್‌ನಲ್ಲಿ. ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ರೇಖೆಯ ಮೇಲೆ 850 ಮಿಲಿವೋಲ್ಟಿನ ಬಿಂದುವನ್ನು ಮೌಸಿನಿಂದ ಹಿಡಿದು 1800 ಮೆಗಾಹರ್ಟ್ಸ್‌ಗೆ ಎತ್ತಬೇಕು, ಅದರ ಬಲಕ್ಕಿರುವ ಎಲ್ಲ ಬಿಂದುಗಳನ್ನು ಶಿಫ್ಟ್ ಕೀಲಿಯ ನೆರವಿನಿಂದ ಒಟ್ಟಾಗಿ ಆಯ್ದು ಕೆಳಕ್ಕೆಳೆಯಬೇಕು, ನಂತರ ಅಪ್ಲೈ ಒತ್ತಬೇಕು. ಆಗ ಬಲಭಾಗದ ರೇಖೆ ಸಪಾಟಾಗಿ, ಕಾರ್ಡ್ 0.85 ವೋಲ್ಟಿನಾಚೆ ಕಾಲಿಡುವುದಿಲ್ಲ.

ಹೇಳಲು ಇಷ್ಟು ಸುಲಭವಾದ ಕೆಲಸವನ್ನು ಈ ಎಡಿಟರ್ ಅನಗತ್ಯವಾಗಿ ಕಷ್ಟಮಾಡಿದೆ. ಬಿಂದುಗಳು ಒಂದಕ್ಕೊಂದು ಅಂಟಿಕೊಂಡಂತಿದ್ದು, ಬೇಕಾದದ್ದರ ಬದಲು ಪಕ್ಕದ್ದು ಕೈಗೆ ಸಿಗುತ್ತದೆ. ಕಾರ್ಡಿನ ಉಷ್ಣತೆ ಬದಲಾದಂತೆ ಇಡೀ ರೇಖೆಯೇ 15 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಮೇಲೆ ಕೆಳಗೆ ಸರಿಯುವುದರಿಂದ, ತಣ್ಣಗಿದ್ದಾಗ ಇಟ್ಟ ಅಂಕಿ ಆಟದ ನಡುವೆ ಹಾಗೇ ಕಾಣುವುದಿಲ್ಲ. ಹೊಸಬರು ಇದನ್ನು ದೋಷವೆಂದು ಭಾವಿಸಿ ಕೈಬಿಡುವ ಸಾಧ್ಯತೆ ಇದೆ. ಒಂದು ಸಾಲಿನ ವಿವರಣೆಯನ್ನಾದರೂ ತಂತ್ರಾಂಶ ಒದಗಿಸಬಹುದಿತ್ತು.

ಫಲಿತಾಂಶ ಮಾತ್ರ ಆ ಶ್ರಮಕ್ಕೆ ತಕ್ಕದ್ದು. ಮೇಲಿನ ಹೊಂದಾಣಿಕೆಯಲ್ಲಿ ನನ್ನ ಕಾರ್ಡ್ ಭಾರವಾದ ಆಟಗಳಲ್ಲೂ 260 ವ್ಯಾಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಕಳೆದುಕೊಂಡ ಫ್ರೇಮುಗಳು (ಸೆಕೆಂಡಿಗೆ ಮೂಡುವ ಚಿತ್ರಗಳು) ಅಂಕಿಯಲ್ಲಿ ಕಾಣುತ್ತವೆಯೇ ಹೊರತು ಕಣ್ಣಿಗಲ್ಲ. ಫ್ಯಾನಿನ ಸದ್ದು ತಗ್ಗಿದ್ದು ಎಲ್ಲಕ್ಕಿಂತ ದೊಡ್ಡ ಲಾಭ. ಕರೆಂಟ್ ಬಿಲ್ಲಿನ ಆಸೆಯಿಂದ ಇದಕ್ಕೆ ಕೈಹಾಕುವವರು ಲೆಕ್ಕ ಹಾಕಿ ನೋಡುವುದು ಒಳ್ಳೆಯದು: 60 ವ್ಯಾಟ್ ಉಳಿತಾಯವೆಂದರೆ ದಿನಕ್ಕೆ 4 ಗಂಟೆ ಆಡಿದರೂ ಕಾಲು ಯೂನಿಟ್ಟಿಗಿಂತ ಕಡಿಮೆ, ಯೂನಿಟ್ಟಿಗೆ 6 ರೂಪಾಯಿಯಂತೆ ತಿಂಗಳಿಗೆ 45 ರೂಪಾಯಿ ದಾಟದು. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಬೀಳುವ ಹೊರೆ ಇಳಿಯುವುದು ಇದಕ್ಕಿಂತ ಮುಖ್ಯವಾದ ವಿಷಯ. 360 ವ್ಯಾಟ್ ಮಾತ್ರ ಕೊಡಬಲ್ಲ 600 ವಿಎ ಯುಪಿಎಸ್‌ಗೆ ಈ ಕಾರ್ಡಿರುವ ಯಂತ್ರ ಪೂರ್ಣ ಹೊರೆಯಲ್ಲಿ ಹೇಗೂ ಭಾರವೇ. ಆದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಇಟ್ಟುಕೊಂಡವರಿಗೆ, ಆಟ ಉಳಿಸಿ ಯಂತ್ರ ಆರಿಸುವಷ್ಟು ಸಮಯ ಸಿಗುವುದಕ್ಕೂ ಸಿಗದಿರುವುದಕ್ಕೂ ಈ 60 ವ್ಯಾಟೇ ಕಾರಣವಾಗಬಹುದು.

ಸ್ಥಿರತೆಯ ಪರೀಕ್ಷೆಯನ್ನು ಅವಸರದಲ್ಲಿ ಮುಗಿಸಬಾರದು. ಕಾರ್ಡಿಗೆ ಬೇಕೆಂದೇ ಅತಿ ಹೊರೆ ಹೇರುವ ಫರ್‌ಮಾರ್ಕ್‌ನಂಥ ಪರೀಕ್ಷೆಗಳು ಕಾರ್ಡನ್ನು ವಿದ್ಯುತ್ ಮಿತಿಗೇ ತಾಗಿಸಿ ವೇಗವನ್ನು ಇಳಿಸಿಬಿಡುವುದರಿಂದ, ನಾವು ಪರೀಕ್ಷಿಸಬೇಕಾದ ಬಿಂದುವನ್ನು ಅವು ಮುಟ್ಟದೆಯೇ ಹೋಗಬಹುದು. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ವಿಧಾನ) ಇರುವ ಆಟಗಳನ್ನು ಹಲವು ಸಂಜೆ ಆಡುವುದೇ ನಂಬಬಹುದಾದ ಪರೀಕ್ಷೆ. ಆಟ ತಾನಾಗಿ ಮುಚ್ಚಿಕೊಂಡರೆ ಅಥವಾ ಪರದೆ ಕಪ್ಪಾಗಿ ಡ್ರೈವರ್ ಮರುಚಾಲನೆಗೊಂಡರೆ, ವೇಗವನ್ನು 15 ಮೆಗಾಹರ್ಟ್ಸ್ ಇಳಿಸಿ ಇಲ್ಲವೇ ವೋಲ್ಟೇಜನ್ನು ಒಂದು ಬಿಂದು ಏರಿಸಿ ಮತ್ತೆ ನೋಡಬೇಕು. ಬೇರೆಯವರ ಅಂಕಿಗಳು, ನಾನು ಮೇಲೆ ಕೊಟ್ಟಿರುವವೂ ಸೇರಿ, ಆರಂಭಕ್ಕೆ ಮಾತ್ರ.

ಇಷ್ಟು ತಾಳ್ಮೆ ಇಲ್ಲದವರು ಅದೇ ತಂತ್ರಾಂಶದಲ್ಲಿ ಕಾರ್ಡಿನ ವಿದ್ಯುತ್ ಮಿತಿಯನ್ನು ನಿಗದಿಪಡಿಸುವ ಪವರ್ ಲಿಮಿಟ್ ಸ್ಲೈಡರನ್ನು 80 ಶೇಕಡಾಕ್ಕೆ ಎಳೆದು ಸುಮ್ಮನಿರಬಹುದು. 3080ರಲ್ಲಿ ಅದರಿಂದ ವೇಗ ಹೊರೆಗೆ ತಕ್ಕಂತೆ ಏರಿಳಿಯುತ್ತದೆ, ಹಾಗಾಗಿ ನನ್ನ ಆಯ್ಕೆ ಕರ್ವ್ ಎಡಿಟರೇ. 450 ವ್ಯಾಟಿನ ಆರ್‌ಟಿಎಕ್ಸ್ 4090 ಕಾರ್ಡ್ ಇರುವವರಿಗೆ ಸ್ಲೈಡರ್ ಒಂದೇ ಬಹುಪಾಲು ಲಾಭ ತಂದುಕೊಡುತ್ತದೆ. ಎಎಂಡಿ ಕಾರ್ಡಿನವರಿಗೆ ಆ ಕಂಪನಿಯದೇ ಆದ ಅಡ್ರೆನಲಿನ್ ತಂತ್ರಾಂಶದಲ್ಲೇ ಈ ಸೌಲಭ್ಯ ಇರುವುದರಿಂದ ಆಫ್ಟರ್‌ಬರ್ನರ್ ಬೇಕಾಗಿಲ್ಲ, ಮತ್ತು ಲಿನಕ್ಸ್ ಬಳಸುವವರಿಗೆ ಇದು ಲಭ್ಯವೇ ಇಲ್ಲ.

ಇಳಿಸಿಕೊಳ್ಳುವಾಗ ಎಂಎಸ್‌ಐ ಜಾಲತಾಣದ ವಿಳಾಸವನ್ನು ಖಚಿತಪಡಿಸಿಕೊಳ್ಳಬೇಕು. 2021ರಲ್ಲಿ ನಕಲಿ ತಾಣವೊಂದು ಇದೇ ಹೆಸರಿನಲ್ಲಿ ದುರುದ್ದೇಶದ ತಂತ್ರಾಂಶ ಹಂಚುತ್ತಿದೆಯೆಂದು ಕಂಪನಿಯೇ ಎಚ್ಚರಿಸಿತ್ತು. ಹೊಂದಾಣಿಕೆಗಳು ಕಾರ್ಡಿನ ಬಯಾಸ್‌ಗೆ (ಕಾರ್ಡಿನೊಳಗೇ ಇರುವ ಮೂಲ ತಂತ್ರಾಂಶಕ್ಕೆ) ಬರೆಯಲ್ಪಡುವುದಿಲ್ಲವಾದ್ದರಿಂದ ರಿಸೆಟ್ ಒತ್ತಿದರೆ ಎಲ್ಲವೂ ಮೊದಲಿನಂತಾಗುತ್ತದೆ. ವಿಂಡೋಸ್ ಜೊತೆಗೇ ಹೊಂದಾಣಿಕೆ ಜಾರಿಯಾಗುವ ಗುಂಡಿಯನ್ನು ಮಾತ್ರ ಪರೀಕ್ಷೆಯೆಲ್ಲ ಮುಗಿದ ಮೇಲೆಯೇ ಒತ್ತಬೇಕು.