ಪವರ್‌ವಿಎಂ ಅನ್‌ಕ್ಯಾಪ್ಡ್ ಪಾರ್ಟಿಶನ್: ಹಂಚುವುದು ಅದರ ಕೆಲಸ, ಲೆಕ್ಕ ಹಾಕುವುದು ನಮ್ಮದು

ಒಂದೇ ಸರ್ವರ್‌ನಲ್ಲಿ ಹತ್ತಾರು ಪಾರ್ಟಿಶನ್ (ಪ್ರತ್ಯೇಕ ಕಂಪ್ಯೂಟರ್‌ನಂತೆ ನಡೆಯುವ ಭಾಗಗಳು) ಇರುತ್ತವೆ. ಒಂದಕ್ಕೆ ಹಗಲು ಕೆಲಸ ಜಾಸ್ತಿ, ಇನ್ನೊಂದಕ್ಕೆ ರಾತ್ರಿ ಬ್ಯಾಚ್ ಬಂದಾಗ ಜಾಸ್ತಿ. ಎಲ್ಲಕ್ಕೂ ಗರಿಷ್ಠ ಹೊರೆಗೆ ತಕ್ಕಂತೆ ಪ್ರಾಸೆಸರ್ ಕೋರ್ ಕೊಟ್ಟು ಕೂತರೆ ಅರ್ಧ ಸರ್ವರ್ ಸುಮ್ನೆ ಖಾಲಿ ಬಿದ್ದಿರುತ್ತದೆ. ಐಬಿಎಂ ಪವರ್ ಸರ್ವರ್‌ಗಳನ್ನು ಹೀಗೆ ಭಾಗ ಮಾಡುವ ತಂತ್ರಾಂಶ ಪವರ್‌ವಿಎಂ. ಅದು ಇದಕ್ಕೆ ಕೊಡುವ ಪರಿಹಾರ ಶೇರ್ಡ್ ಪ್ರಾಸೆಸರ್ ಪೂಲ್ (ಪಾರ್ಟಿಶನ್‌ಗಳು ಹಂಚಿಕೊಳ್ಳುವ ಕೋರ್‌ಗಳ ಗುಂಪು) ಮತ್ತು ಅನ್‌ಕ್ಯಾಪ್ಡ್ ಮೋಡ್ (ತನ್ನ ಪಾಲು ಮೀರಿಯೂ ಪೂಲ್‌ನಿಂದ ಪಡೆಯಬಹುದು; ಕ್ಯಾಪ್ಡ್ ಆದರೆ ಪಾಲು ಮೀರುವಂತಿಲ್ಲ). ನನಗೆ ಇದು ತುಂಬಾ ಇಷ್ಟವಾದ ಸೌಲಭ್ಯ. ಆದರೆ ಇದನ್ನು ಆನ್ ಮಾಡಿ ಮರೆತುಬಿಡುವವರೇ ಹೆಚ್ಚು, ಆಮೇಲೆ ಸ್ಲೋ ಅಂತ ದೂರುವವರೂ ಅವರೇ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. 2004ರಲ್ಲಿ ಪವರ್5 ಜೊತೆ ಮೈಕ್ರೋ ಪಾರ್ಟಿಶನಿಂಗ್ ಬಂತು. ಅಲ್ಲಿಯವರೆಗೆ ಪಾರ್ಟಿಶನ್‌ಗೆ ಇಡೀ ಇಡೀ ಪ್ರಾಸೆಸರ್ ಕೊಡಬೇಕಿತ್ತು, ಈಗ ಒಂದು ಕೋರ್‌ನ ತುಣುಕು ಕೊಟ್ಟರೂ ಸಾಕು. ಪಾರ್ಟಿಶನ್‌ಗಳಿಗೆ ಪ್ರಾಸೆಸರ್ ಸಮಯ ಹಂಚುವ ಹೈಪರ್‌ವೈಸರ್ ಪ್ರತಿ 10 ಮಿಲಿಸೆಕೆಂಡಿಗೆ ಲೆಕ್ಕ ಇಡುತ್ತದೆ. ನಿಮ್ಮ ಎಂಟೈಟಲ್‌ಮೆಂಟ್ (ನಿಮಗೆ ಮೀಸಲಾದ ಪಾಲು) 0.5 ಕೋರ್ ಅಂದರೆ ಆ 10 ಮಿಲಿಸೆಕೆಂಡಿನಲ್ಲಿ 5 ನಿಮ್ಮವು, ಅದು ಖಾತ್ರಿ. ನಿಮಗೆ ಕೆಲಸ ಇಲ್ಲದಿದ್ದರೆ ಉಳಿದ ಸಮಯ ಪೂಲ್‌ಗೆ ವಾಪಸ್ ಹೋಗುತ್ತದೆ, ಬೇಕಾದ ಅನ್‌ಕ್ಯಾಪ್ಡ್ ಪಾರ್ಟಿಶನ್ ಅದನ್ನು ಆಗಲೇ ಎತ್ತಿಕೊಳ್ಳುತ್ತದೆ. ಸ್ಕ್ರಿಪ್ಟ್ ಬೇಡ, ಏಜೆಂಟ್ ಬೇಡ, ರಾತ್ರಿ ಯಾರೂ ಎದ್ದು ಕೋರ್ ಬದಲಿಸಬೇಕಿಲ್ಲ. ಹಿಂದೆ ಪಾರ್ಟಿಶನ್ ಲೋಡ್ ಮ್ಯಾನೇಜರ್ ಅಂತ ಒಂದಿತ್ತು. ಅದು ಹೊರೆ ಒಂದು ಮಿತಿ ದಾಟಿದೆಯಾ ಅಂತ ನೋಡಿ, ಡೈನಮಿಕ್ ಎಲ್‌ಪಾರ್ (ಎಲ್‌ಪಾರ್ ಅಂದರೆ ಪಾರ್ಟಿಶನ್; ಅದು ನಡೆಯುತ್ತಿರುವಾಗಲೇ ಪಾಲು ಬದಲಿಸುವ ಸೌಲಭ್ಯ) ಮೂಲಕ ಪ್ರಾಸೆಸರ್ ಸಾಗಿಸುತ್ತಿತ್ತು. ದಿಢೀರ್ ಬಂದು ಹೋಗುವ ಹೊರೆಗೆ ಆ ದಾರಿ ನಿಧಾನವೇ.

ಇನ್ನು ಎಡವುವ ಜಾಗ. ಎಲ್ಲರೂ ವೇಟ್ (ಪೂಲ್‌ನಲ್ಲಿ ಉಳಿದದ್ದನ್ನು ಹಂಚುವಾಗ ಪಾರ್ಟಿಶನ್‌ಗೆ ಸಿಗುವ ಆದ್ಯತೆಯ ಅಂಕ) ಹಿಂದೆ ಬೀಳುತ್ತಾರೆ. 0ಯಿಂದ 255ರವರೆಗೆ ಕೊಡಬಹುದು, ಸುಮ್ಮನೆ ಬಿಟ್ಟರೆ 128. ಮುಖ್ಯ ಡೇಟಾಬೇಸ್‌ಗೆ 255 ಕೊಟ್ಟೆವು, ಇನ್ನು ಚಿಂತೆ ಇಲ್ಲ ಅಂದುಕೊಳ್ಳುತ್ತಾರೆ. ವೇಟ್ ಲೆಕ್ಕಕ್ಕೆ ಬರುವುದು ಪೂಲ್‌ನಲ್ಲಿ ಉಳಿದದ್ದಕ್ಕೆ ಪೈಪೋಟಿ ಇದ್ದಾಗ ಮಾತ್ರ. ಉಳಿದಿರುವುದು 1.5 ಕೋರ್, ಕೇಳುತ್ತಿರುವುದು 128 ಮತ್ತು 64 ವೇಟ್ ಇರುವ ಎರಡು ಪಾರ್ಟಿಶನ್ ಅಂದರೆ ಸುಮಾರು 1.0 ಮತ್ತು 0.5 ಆಗಿ ಹಂಚಿಕೆಯಾಗುತ್ತದೆ. ಪೂಲ್‌ನಲ್ಲಿ ಏನೂ ಉಳಿದಿಲ್ಲದಿದ್ದರೆ 255 ಇದ್ದರೂ ಹೆಚ್ಚಿಗೆ ಏನೂ ಸಿಗುವುದಿಲ್ಲ, ಎಂಟೈಟಲ್‌ಮೆಂಟ್ ಅಷ್ಟೇ ಗತಿ. ವೇಟ್ 0 ಕೊಟ್ಟರಂತೂ ಹೆಸರಿಗೆ ಅನ್‌ಕ್ಯಾಪ್ಡ್, ನಡೆಯುವುದು ಕ್ಯಾಪ್ಡ್ ಥರಾನೇ.

ಇದಕ್ಕಿಂತ ಮುಖ್ಯ ವರ್ಚುವಲ್ ಪ್ರಾಸೆಸರ್ (ಪಾರ್ಟಿಶನ್‌ನ ಕಣ್ಣಿಗೆ ಪ್ರಾಸೆಸರ್ ಆಗಿ ಕಾಣುವುದು) ಸಂಖ್ಯೆ. ಇದನ್ನು ಯಾರೂ ಸರಿಯಾಗಿ ನೋಡುವುದಿಲ್ಲ ಅನ್ನುವುದೇ ನನ್ನ ದೊಡ್ಡ ತಕರಾರು. ಒಂದು ವರ್ಚುವಲ್ ಪ್ರಾಸೆಸರ್ ಒಂದು ಭೌತಿಕ ಕೋರ್‌ಗಿಂತ ಹೆಚ್ಚು ಬಳಸಲಾರದು. ಎಂಟೈಟಲ್‌ಮೆಂಟ್ 0.8, ವರ್ಚುವಲ್ ಪ್ರಾಸೆಸರ್ ಒಂದೇ ಅಂದರೆ, ಪೂಲ್‌ನಲ್ಲಿ ಎಂಟು ಕೋರ್ ಖಾಲಿ ಇದ್ದರೂ ನಿಮಗೆ ಸಿಗುವುದು ಇನ್ನು 0.2 ಮಾತ್ರ. ಹಾಗಂತ 0.5ಕ್ಕೆ ಹತ್ತು ವರ್ಚುವಲ್ ಪ್ರಾಸೆಸರ್ ಕೊಟ್ಟರೆ, ಹತ್ತೂ ಓಡುವಾಗ ಒಂದೊಂದಕ್ಕೆ ಖಾತ್ರಿ ಇರುವುದು ಅರ್ಧ ಮಿಲಿಸೆಕೆಂಡ್. ಪೂಲ್ ಬಿಗಿಯಾದ ತಕ್ಷಣ ಕೆಲಸ ಹತ್ತು ಕಡೆ ಚೂರಾಗಿ, ಕ್ಯಾಶ್‌ನಲ್ಲಿ (ಕೋರ್ ಪಕ್ಕದ ವೇಗದ ಮೆಮೊರಿ) ಇದ್ದ ಡೇಟಾ ಕೈತಪ್ಪಿ, ಪ್ರತಿಯೊಂದು ಥ್ರೆಡ್ಡೂ ತನ್ನ ಸರದಿಗೆ ಕಾಯುತ್ತಾ ನಿಲ್ಲುತ್ತದೆ. ಪಾರ್ಟಿಶನ್ ಒಳಗೆ ಓಡುವ ಐಬಿಎಂನ ಆಪರೇಟಿಂಗ್ ಸಿಸ್ಟಮ್ ಎಐಎಕ್ಸ್, ಬೇಡದ ವರ್ಚುವಲ್ ಪ್ರಾಸೆಸರ್‌ಗಳನ್ನು ಮಡಿಸಿಡುತ್ತದೆ (ಬಳಸದೆ ಬದಿಗಿಡುತ್ತದೆ) ನಿಜ, ಆದರೆ ಅದನ್ನೇ ನೆಚ್ಚಿಕೊಂಡು ಬೇಕಾಬಿಟ್ಟಿ ಕೊಡಬೇಡಿ.

ಏನು ನಡೆಯುತ್ತಿದೆ ಅಂತ ತಿಳಿಯಲು ಎಐಎಕ್ಸ್‌ನ ಎಲ್‌ಪಾರ್‌ಸ್ಟ್ಯಾಟ್ (lparstat) ಕಮಾಂಡ್ ಸಾಕು. 0.5 ಎಂಟೈಟಲ್‌ಮೆಂಟ್ ಇರುವ ಪಾರ್ಟಿಶನ್‌ನಲ್ಲಿ ಫಿಸ್‌ಸಿ (physc, ಬಳಸಿದ ಕೋರ್) 1.40, ಎಂಟ್‌ಸಿ (entc, ಎಂಟೈಟಲ್‌ಮೆಂಟ್‌ಗೆ ಹೋಲಿಸಿದ ಬಳಕೆ) ಶೇ 280 ಅಂತ ಕಂಡರೆ ಗಾಬರಿ ಬೇಡ, 0.9 ಕೋರ್ ಹೆಚ್ಚುವರಿ ಬಳಕೆ ಆಗುತ್ತಿದೆ ಅಷ್ಟೇ. ಗಾಬರಿ ಆಗಬೇಕಾದದ್ದು ಅದು ದಿನವಿಡೀ ಹಾಗೇ ಇದ್ದರೆ. ಆಗ ನೀವು ನಡೆಸುತ್ತಿರುವುದು ಸಾಲದ ಮೇಲೆ. ಅಕ್ಕಪಕ್ಕದ ಪಾರ್ಟಿಶನ್‌ಗಳು ತಮ್ಮ ಪಾಲು ಕೇಳಿದ ದಿನ ನಿಮ್ಮ ಅಪ್ಲಿಕೇಶನ್ 0.5ಕ್ಕೆ ಬಂದು ನಿಲ್ಲುತ್ತದೆ. ಮಾಮೂಲಿ ಹೊರೆಯನ್ನು ಎಂಟೈಟಲ್‌ಮೆಂಟ್‌ನಲ್ಲಿ ಕೊಡಿ, ಏರಿಳಿತವನ್ನು ಮಾತ್ರ ಪೂಲ್‌ಗೆ ಬಿಡಿ. ಪೂಲ್‌ನಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಆ್ಯಪ್ (app) ಅನ್ನುವ ಕಾಲಂ ನಿಮಗೆ ಕಾಣುತ್ತಿಲ್ಲವೇ? ಎಚ್‌ಎಂಸಿಯಲ್ಲಿ (ಸರ್ವರ್‌ಗಳನ್ನು ನಿರ್ವಹಿಸುವ ಕನ್ಸೋಲ್) ಆ ಪಾರ್ಟಿಶನ್‌ಗೆ ಪರ್ಫಾರ್ಮೆನ್ಸ್ ಮಾಹಿತಿ ಸಂಗ್ರಹಕ್ಕೆ ಅನುಮತಿ ಕೊಟ್ಟಿಲ್ಲ ಅಂತ ಅರ್ಥ. ಮೊದಲು ಅಲ್ಲಿ ಟಿಕ್ ಹಾಕಿ. ಆ ಕಾಲಂ ಇಲ್ಲದೆ ಪೂಲ್ ನಡೆಸಬಾರದು ಅನ್ನುವಷ್ಟು ಅದು ಮುಖ್ಯ.

ಕೊರತೆ ಒಂದಿದೆ. ಹೈಪರ್‌ವೈಸರ್‌ಗೆ ಒಳಗೆ ಯಾವ ಕೆಲಸ ನಡೆಯುತ್ತಿದೆ ಅನ್ನುವುದು ಗೊತ್ತಿಲ್ಲ. ಗ್ರಾಹಕರ ವ್ಯವಹಾರವೋ, ಯಾವುದೋ ಪ್ರೋಗ್ರಾಂ ಲೂಪ್‌ಗೆ ಬಿದ್ದು ಸುತ್ತುತ್ತಿದೆಯೋ, ಎರಡಕ್ಕೂ ಒಂದೇ ನ್ಯಾಯ. ಐಬಿಎಂನದೇ ಮೇನ್‌ಫ್ರೇಮ್‌ನಲ್ಲಿ 2000ದ ಝಡ್900 ಜೊತೆ ಬಂದ ಇಂಟೆಲಿಜೆಂಟ್ ರಿಸೋರ್ಸ್ ಡೈರೆಕ್ಟರ್, ಕೆಲಸಗಳಿಗೆ ಇಟ್ಟ ಗುರಿ ತಲುಪುತ್ತಿದೆಯೇ ಅಂತ ನೋಡಿ ಎಲ್‌ಪಾರ್‌ಗಳ ವೇಟ್ ಅನ್ನು ತಾನೇ ಬದಲಿಸುತ್ತದೆ. ಪವರ್‌ವಿಎಂನಲ್ಲಿ ವೇಟ್ ನಾವು ಇಟ್ಟಲ್ಲೇ ಇರುತ್ತದೆ. ಹಾಗಾಗಿ ಟೆಸ್ಟ್ ಪಾರ್ಟಿಶನ್‌ಗಳನ್ನು ಬೇರೆ ಪೂಲ್‌ಗೆ ಹಾಕಿ, ಅದಕ್ಕೊಂದು ಗರಿಷ್ಠ ಮಿತಿ ಇಡಿ. ಪವರ್6ರಿಂದ ಒಂದಕ್ಕಿಂತ ಹೆಚ್ಚು ಪೂಲ್ ಮಾಡಬಹುದು, ಲೈಸೆನ್ಸ್ ಲೆಕ್ಕಕ್ಕೂ ಇದು ಅನುಕೂಲ. ವಿಐಒಎಸ್ (ವರ್ಚುವಲ್ ಐ/ಒ ಸರ್ವರ್) ಪಾರ್ಟಿಶನ್‌ಗೆ ಮಾತ್ರ ಉಳಿದೆಲ್ಲಕ್ಕಿಂತ ಹೆಚ್ಚು ವೇಟ್ ಕೊಡಿ. ಅದಕ್ಕೆ ಪ್ರಾಸೆಸರ್ ಸಿಗದಿದ್ದರೆ ಅದರ ಮೂಲಕ ಡಿಸ್ಕ್, ನೆಟ್‌ವರ್ಕ್ ಪಡೆಯುವ ಎಲ್ಲರೂ ಕಾಯುತ್ತಾರೆ, ಅಲ್ವಾ?

ಪ್ರತಿಕ್ರಿಯೆ ಸಮಯ ಒಂದಿಷ್ಟೂ ಏರುಪೇರಾಗಬಾರದು ಅನ್ನುವ ಕೆಲಸಕ್ಕೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಅಂಥದ್ದಕ್ಕೆ ಡೆಡಿಕೇಟೆಡ್ ಪ್ರಾಸೆಸರ್ ಕೊಟ್ಟು ಡೊನೇಟಿಂಗ್ ಮೋಡ್ ಆನ್ ಮಾಡಿ. ಬೇಕಾದಾಗ ಕೋರ್ ಅದರದ್ದೇ, ಖಾಲಿ ಇರುವಾಗ ಉಳಿದ ಸಮಯ ಪೂಲ್‌ಗೆ ಹೋಗುತ್ತದೆ.