ಸೈಕಲಿಗೆ ಎಲೆಕ್ಟ್ರಾನಿಕ್ ಗೇರ್ ಹಾಕಿಸುವವರು ಇದನ್ನು ಓದಿ, ನನ್ನ 60,500 ಹೋಯಿತು

ಮೌಂಟನ್ ಬೈಕಿಗೆ ಎಲೆಕ್ಟ್ರಾನಿಕ್ ಗೇರ್ ಹಾಕಿಸುವ ಯೋಚನೆ ಇದ್ದವರು ದಯವಿಟ್ಟು ಪೂರ್ತಿ ಓದಿ. ಮುಖ್ಯವಾಗಿ ನಮ್ಮ ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯಿಂದ ಸೈಕಲನ್ನು ಮಂಗಳೂರಿಗೆ ಒಯ್ಯುವವರು. ಹೊಸದು ಅಂತ ಹೇಳಿ ನನಗೆ ಹಳೆಯದನ್ನು ಹಾಕಿ ಕೊಟ್ಟಿದ್ದಾರೆ. ಬರೆಯಲು ನಾಚಿಕೆ ಆಗುತ್ತದೆ. ಅಪ್ಪನಿಗೆ ಇನ್ನೂ ಪೂರ್ತಿ ಹೇಳಿಲ್ಲ, ಅಡಿಕೆ ಕೊಟ್ಟ ದುಡ್ಡು ಅದು. ಆದರೂ ಬರೆಯುತ್ತಿದ್ದೇನೆ. ಅದೇ ಅಂಗಡಿಯಲ್ಲಿ ಅದೇ ಮಾತು ಹೇಳಿ ಇವತ್ತೂ ಇನ್ನೊಬ್ಬರಿಗೆ ಹಾಕುತ್ತಿರಬಹುದು.

ಯಾಕೆ ಹಾಕಿಸಲು ಹೋದೆ ಅಂತ ಕೇಳುತ್ತೀರಿ. ನನ್ನ ಸೈಕಲಿನಲ್ಲಿ ಇದ್ದದ್ದು ಸ್ರಾಮ್ ಕಂಪನಿಯ ಈಗಲ್ ಅನ್ನುವ 12 ಗೇರಿನ ಸೆಟ್, ಕೇಬಲಿನದ್ದು. ನಮ್ಮಲ್ಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ. ಗುಡ್ಡೆಯ ಕೆಂಪು ಮಣ್ಣು ಅರೆದ ಹಾಗೆ ಕೇಬಲಿನ ಒಳಗೆ ಇಳಿಯುತ್ತದೆ. ಜೂನ್‌ನಲ್ಲಿ ಹೊಸ ಕೇಬಲ್ ಹಾಕಿದರೆ ಆಗಸ್ಟಿಗೆ ಬಿಗಿ. ಹೆಬ್ಬೆರಳು ನೋಯುವಷ್ಟು ಒತ್ತಿದರೂ ಗೇರ್ ಬೀಳುವುದಿಲ್ಲ. ಎಲೆಕ್ಟ್ರಾನಿಕ್‌ನಲ್ಲಿ ಕೇಬಲೇ ಇಲ್ಲ. ಹ್ಯಾಂಡಲಿನಲ್ಲಿ ಗೇರ್ ಒತ್ತುವ ಶಿಫ್ಟರಿನಲ್ಲಿ ಒಂದು ಬಟನ್ ಸೆಲ್, ಹಿಂದಿನ ಗಾಲಿಯ ಹತ್ತಿರ ಚೈನ್ ಸರಿಸುವ ಡಿರೇಲರಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬ್ಯಾಟರಿ. ಒತ್ತಿದ ಕೂಡಲೇ ಸಣ್ಣ ಮೋಟಾರು ಚೈನನ್ನು ಸರಿಸುತ್ತದೆ. 2019ರಲ್ಲಿ ಸ್ರಾಮ್ ಇದನ್ನು ಮೌಂಟನ್ ಬೈಕಿಗೆ ತಂದಾಗ ಅದು ನಾವು ಮುಟ್ಟುವ ಬೆಲೆ ಆಗಿರಲಿಲ್ಲ. 2021ರಲ್ಲಿ ಅದರಲ್ಲೇ ಕಡಿಮೆ ಬೆಲೆಯ ಜಿಎಕ್ಸ್ ಎಎಕ್ಸ್‌ಎಸ್ ಬಂದ ಮೇಲೆ ನನಗೂ ಆಸೆ ಹುಟ್ಟಿತು. ನಾಲ್ಕು ಮಳೆಗಾಲ ದುಡ್ಡು ಕೂಡಿಟ್ಟೆ. ವಸ್ತು ಒಳ್ಳೆಯದೇ. ಕಂಪನಿಯ ಬಗ್ಗೆ ನನ್ನ ತಕರಾರಿಲ್ಲ.

ನವರಾತ್ರಿ ಮುಗಿದ ವಾರ ಸೈಕಲ್ ಒಯ್ದು ಕೊಟ್ಟೆ. ಅಂಗಡಿಯವರ ಮಾತು ಬೆಣ್ಣೆಯ ಹಾಗೆ. "ಹೊಸ ಕಿಟ್ಟೇ ಸರ್, ಸೀಲ್ ಪ್ಯಾಕ್. ಮಳೆಗೆಲ್ಲ ಎಂತ ಆಗುವುದಿಲ್ಲ, ನೀರಲ್ಲಿ ಮುಳುಗಿಸಿ ಬೇಕಾದ್ರೆ" ಅಂದರು. ಕಿಟ್ಟಿಗೆ 52,000. ಆಮೇಲೆ ಕ್ಯಾಸೆಟ್, ಅಂದರೆ ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಗೊಂಚಲು, ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು. "ಇದು ಎಲೆಕ್ಟ್ರಾನಿಕ್‌ಗೆ ಆಗುವುದಿಲ್ಲ, ಬೇರೆ ಹಾಕ್ಬೇಕು." ಅದಕ್ಕೆ 8,500. ನಾನು ಹೂಂ ಅಂದೆ. ನಾಲ್ಕು ಸಾವಿರ ಕಿಲೋಮೀಟರ್ ಓಡಿದ ಕ್ಯಾಸೆಟ್, ಇರಲಿ ಅಂದುಕೊಂಡೆ.

ಬಿಲ್ ಕೇಳಿದೆ. ಕೇಳಲಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ, ಕೇಳಿದೆ. "ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಾಸ್ತಿ ಆಗ್ತದೆ ಸರ್. ಸುಮ್ನೆ ಯಾಕೆ? ನಾವು ಇಲ್ಲೇ ಇರುವವರಲ್ವಾ?" ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಮೊತ್ತ ಬರೆದು ಕೊಟ್ಟರು, ಅಂಗಡಿಯ ಹೆಸರೂ ಅದರಲ್ಲಿ ಇಲ್ಲ. ಹತ್ತು ಸಾವಿರ ಉಳಿಯಿತಲ್ಲ ಅಂತ ನಾನು ಸುಮ್ಮನಾದೆ. ಸೈಕಲ್ ಮತ್ತು ಅದರ ಬಿಡಿಭಾಗಗಳಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5 ಮಾತ್ರ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಮೂರು ಸಾವಿರ ಚಿಲ್ಲರೆ ಕೊಟ್ಟಿದ್ದರೆ ಕೈಯಲ್ಲಿ ಬಿಲ್ ಇರುತ್ತಿತ್ತು.

ನಾಲ್ಕು ದಿನ ಅಂದದ್ದು ಹದಿನೇಳು ದಿನ ಆಯಿತು. ತರಲು ಹೋದಾಗ ಎಲ್ಲ ಹಾಕಿ, ತೊಳೆದು, ಮಿನುಗುವ ಹಾಗೆ ನಿಲ್ಲಿಸಿದ್ದರು. ಬಾಕ್ಸ್ ಎಲ್ಲಿ ಅಂತ ಕೇಳಿದೆ. "ಅಯ್ಯೋ, ಹುಡುಗ ಕಸಕ್ಕೆ ಹಾಕಿದ ಸರ್." ನನ್ನ ಹಳೆಯ ಡಿರೇಲರ್, ಶಿಫ್ಟರ್? "ಅದೆಲ್ಲ ಗುಜರಿ, ನಿಮಗೆ ಯಾಕೆ?" ಆಗಲೇ ನನಗೆ ತಿಳಿಯಬೇಕಿತ್ತು. ಆದರೆ ಅಂಗಡಿಯ ಎದುರು ಒಂದು ಸುತ್ತು ಓಡಿಸಿದೆ. ಒತ್ತಿದರೆ 'ಝಿಟ್' ಅಂತ ಗೇರ್ ಬೀಳುತ್ತಿತ್ತು. ಆ ಶಬ್ದ ಕೇಳಿ ಎಲ್ಲ ಮರೆತೆ.

ಎರಡು ಭಾನುವಾರ ಚೆನ್ನಾಗಿಯೇ ಓಡಿತು. ಮೂರನೆಯ ಭಾನುವಾರ ಪೊಸಡಿಗುಂಪೆ ಗುಡ್ಡೆಗೆ ಹೊರಟೆವು. ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿ ಹಾಕಿದ್ದೆ, ಲೈಟು ಹಸಿರು. ಒಮ್ಮೆ ಚಾರ್ಜ್ ಮಾಡಿದರೆ 20 ಗಂಟೆಯಷ್ಟು ಓಡಿಸಬಹುದು ಅಂತ ಕಂಪನಿ ಹೇಳುತ್ತದೆ. ನನ್ನದು 40 ನಿಮಿಷಕ್ಕೆ ಕೆಂಪು ಮಿನುಗಿ ಸತ್ತಿತು. ಅದೂ ಅತ್ಯಂತ ಸಣ್ಣ ಚಕ್ರದಲ್ಲಿ, ಅಂದರೆ ತುಳಿಯಲು ಅತ್ಯಂತ ಭಾರದ ಗೇರಿನಲ್ಲಿ. ಬ್ಯಾಟರಿ ಸತ್ತರೆ ಇದ್ದ ಗೇರಿನಲ್ಲೇ ನಿಲ್ಲುತ್ತದೆ, ಕೈಯಿಂದ ಏನೂ ಮಾಡಲು ಬರುವುದಿಲ್ಲ. ಜೊತೆಯವರು ಮೇಲೆ ಹೋದರು. ನಾನು ಮುರಕಲ್ಲಿನ ಮೇಲೆ ಸೈಕಲ್ ದೂಡಿಕೊಂಡು ಹತ್ತಿದೆ.

ಮನೆಗೆ ಬಂದು ಜಗಲಿಯಲ್ಲಿ ಸೈಕಲ್ ತಲೆಕೆಳಗೆ ಇಟ್ಟೆ. ಬ್ಯಾಟರಿ ಕಳಚಿದರೆ ಡಿರೇಲರಿನ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ಮೂರು ವಾರದಲ್ಲಿ ಕಿಲುಬು ಹಿಡಿಯುತ್ತದಾ? ಒರೆಸೋಣ ಅಂತ ಹಳೆಯ ಸ್ಯಾನಿಟೈಸರ್ ಬಾಟಲಿ ತಂದು ಬಟ್ಟೆಗೆ ಹಾಕಿ ಒರೆಸಿದೆ. ಕೇಜಿನ, ಅಂದರೆ ಡಿರೇಲರಿನಲ್ಲಿ ಕೆಳಗೆ ಇಳಿದು ಚೈನ್ ಹಿಡಿಯುವ ತೋಳಿನ, ಹೊರಭಾಗವನ್ನೂ ಒರೆಸಿದೆ. ಬಟ್ಟೆಯಲ್ಲಿ ಕಪ್ಪು ಬಂತು. ಎಣ್ಣೆಯ ಕಪ್ಪಲ್ಲ, ಸ್ವಲ್ಪ ನೇರಳೆ ಕಲೆಸಿದ ಕಪ್ಪು. ಇನ್ನೂ ಒರೆಸಿದೆ. ಕಪ್ಪು ಹೋದ ಕಡೆ ಬೆಳ್ಳಗೆ ಗೀರು. ಒಂದಲ್ಲ, ಬೆರಳಿನ ಉದ್ದಕ್ಕೆ ಏಳೆಂಟು ಗೀರು, ಕಲ್ಲಿಗೆ ಉಜ್ಜಿದ್ದು. ಅದರ ಮೇಲೆ ಮಾರ್ಕರ್ ಪೆನ್ನಿನಿಂದ ಬಳಿದಿದ್ದರು. ಶಾಲೆಯ ಬೋರ್ಡಿಗೆ ಬರೆಯುವ ಮಾರ್ಕರ್ ಅಲ್ಲ, ಅಳಿಸದ ಮಾರ್ಕರ್.

ಆ ಬಟ್ಟೆ ಹಿಡಿದುಕೊಂಡು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಒಬ್ಬ ಮನುಷ್ಯ ಕೂತು, ಒಂದೊಂದೇ ಗೀರು ಹುಡುಕಿ, ಅದರ ಮೇಲೆ ಪೆನ್ನು ಎಳೆದಿದ್ದಾನೆ. ನನಗೆ ಮೋಸ ಮಾಡಲು ಅಷ್ಟು ತಾಳ್ಮೆ. ಆ ಹದಿನೇಳು ದಿನ ನಾನು ಫೋನ್ ಮಾಡಿದಾಗೆಲ್ಲ "ಕೆಲಸ ನಡೀತಾ ಇದೆ ಸರ್" ಅಂದದ್ದು ಈ ಕೆಲಸವಾ?

ಆಮೇಲೆ ಎಲ್ಲ ಕಾಣತೊಡಗಿತು. ಕೇಜಿನ ಎರಡು ಸಣ್ಣ ಚಕ್ರಗಳ ಹಲ್ಲು ಗರಗಸದ ಹಾಗೆ ಚೂಪಾಗಿದೆ. ಕ್ಯಾಸೆಟ್ ನೋಡಿದೆ, ದೊಡ್ಡ ಚಕ್ರಕ್ಕೆ 50 ಹಲ್ಲು, ಸಣ್ಣದಕ್ಕೆ 11. ನನ್ನ ಹಳೆಯದೂ 11-50! ಆಗುವುದಿಲ್ಲ ಅಂತ ತೆಗೆದದ್ದೂ ಅದೇ ಅಳತೆ, 8,500ಕ್ಕೆ ಹಾಕಿದ್ದೂ ಅದೇ ಅಳತೆ. ಈ ಡಿರೇಲರಿಗೆ ಈಗಲ್ 12 ಗೇರಿನ ಹಳೆಯ ಕ್ಯಾಸೆಟ್ ಸರಿಯಾಗಿಯೇ ಆಗುತ್ತದೆ. ಬೇರೆ ಕ್ಯಾಸೆಟ್, ಬೇರೆ ಚೈನ್ ಎಲ್ಲ ಬೇಕಾಗುವುದು 2023ರಲ್ಲಿ ಸ್ರಾಮ್ ತಂದ ಟ್ರಾನ್ಸ್‌ಮಿಷನ್ ಅನ್ನುವ ಸೆಟ್ಟಿಗೆ. ಅದಕ್ಕೆ ಫ್ರೇಮಿನಲ್ಲಿ ಡಿರೇಲರ್ ಕೂರುವ ಜಾಗವೇ ಯುಡಿಎಚ್ ಅನ್ನುವ ಅಳತೆಯದ್ದು ಇರಬೇಕು.

ಫೋಟೋ ಹಾಕಿ ಅಂಗಡಿಯವರಿಗೆ ವಾಟ್ಸಾಪ್ ಮಾಡಿದೆ. ಬಂದ ಉತ್ತರಗಳನ್ನು ಇದ್ದ ಹಾಗೆ ಬರೆಯುತ್ತೇನೆ.

"ಬಟನ್ ಸೆಲ್ ಬದಲಿಸಿ ನೋಡಿ ಸರ್." ಬಟನ್ ಸೆಲ್ ಇರುವುದು ಶಿಫ್ಟರಿನಲ್ಲಿ. ಕೆಂಪು ಲೈಟು ಬಂದದ್ದು ಡಿರೇಲರಿನಲ್ಲಿ. ಇಷ್ಟೂ ಗೊತ್ತಿಲ್ಲದವರಾ ಅವರು?

"ಮಳೆ ನೀರು ಹೋಗಿರ್ಬೇಕು." ಮುಳುಗಿಸಿ ಬೇಕಾದ್ರೆ ಅಂದವರು ಅವರೇ.

"ಗೀರು ನೀವು ಮಾಡಿದ್ದು." ಹಾಗಾದರೆ ಮಾರ್ಕರ್ ಯಾರು ಬಳಿದದ್ದು ಅಂತ ಕೇಳಿದೆ. ನೀಲಿ ಟಿಕ್ ಬಂತು. ಉತ್ತರ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಂತು: "ಓಪನ್ ಬಾಕ್ಸ್ ಅಂತ ಹೇಳಿದ್ದೆನಲ್ವಾ ನಿಮಗೆ." ಹೇಳಿಲ್ಲ. ಸೀಲ್ ಪ್ಯಾಕ್ ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಮರುದಿನ ಬಸ್ಸಿನಲ್ಲಿ ಹೋದೆ, ಡಿರೇಲರ್ ಮತ್ತು ಆ ಬಟ್ಟೆ ಚೀಲದಲ್ಲಿ. ಊಟಕ್ಕೆ ಹೋಗಿದ್ದಾರೆ ಅಂತ ಎರಡು ಗಂಟೆ ಕೂರಿಸಿದರು. ಬಂದವರು ಚೀಲ ಬಿಚ್ಚಲೂ ಬಿಡಲಿಲ್ಲ. ಅಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಅವರಿಗೆ ಕೇಳುವ ಹಾಗೆ ಹೇಳಿದರು: "ಇವರು ಗುಡ್ಡೆಯಲ್ಲಿ ಬಿದ್ದು ಬಂದು ನಮ್ಮ ಮೇಲೆ ಹಾಕುವುದು." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಬಿಲ್ ಇದೆಯಾ ಸರ್?"

ಬಿಲ್ ಬೇಡ ಅಂದವರೇ ಬಿಲ್ ಇದೆಯಾ ಅಂತ ಕೇಳಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆ ಇಬ್ಬರು ನನ್ನ ಮುಖ ನೋಡುತ್ತಿದ್ದರು. ಹೊರಗೆ ಬಂದೆ. ಕುಂಬಳೆಯವರೆಗೆ ಬಸ್ಸಿನಲ್ಲಿ ಅದೇ ಮಾತು ಕಿವಿಯಲ್ಲಿ.

ಈಗ ನಿಮಗೆ ಹೇಳುವುದು ಇಷ್ಟು. ಬಾಕ್ಸನ್ನು ನಿಮ್ಮ ಎದುರೇ ಒಡೆಸಿ, ಡಿರೇಲರಿನ ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ, ಬಿಲ್ಲಿನಲ್ಲಿ ಅದೇ ನಂಬರ್ ಬರೆಸಿ. ಕಂಪನಿಯ 2 ವರ್ಷದ ವಾರಂಟಿ ಮೊದಲು ಕೊಂಡವರಿಗೆ ಮಾತ್ರ, ಬಿಲ್ ಇಲ್ಲದಿದ್ದರೆ ನೀವು ಯಾರೂ ಅಲ್ಲ. ಕಳಚಿದ ಹಳೆಯ ಸಾಮಾನು ಕೇಳಿ ತನ್ನಿ, ಅದು ನಿಮ್ಮದು. ಸ್ಯಾನಿಟೈಸರ್ ಹಾಕಿದ ಬಟ್ಟೆಯಿಂದ ಅಲ್ಲೇ ಒಮ್ಮೆ ಒರೆಸಿ ನೋಡಿ. ಅವರಿಗೆ ಬೇಜಾರಾದರೆ ಆಗಲಿ.

1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಗ್ರಾಹಕರ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಂಗಡಿ ಕರ್ನಾಟಕದಲ್ಲಿ, ನಾವು ಕೇರಳದಲ್ಲಿ, ಅಲ್ಲಿಗೆ ಅಲೆಯಬೇಕಲ್ಲ ಅಂತ ಬಿಡಬೇಡಿ. 2019ರ ಕಾನೂನಿನಲ್ಲಿ ನಾವು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, 2 ವರ್ಷದ ಒಳಗೆ. 5 ಲಕ್ಷದವರೆಗಿನ ವಸ್ತುವಿಗೆ ಫೀಸೂ ಇಲ್ಲ. ನಾನು ಕಾಸರಗೋಡಿನಲ್ಲೇ ಹಾಕುತ್ತೇನೆ. ಬಿಲ್ ಇಲ್ಲ, ಆದರೆ ಗೂಗಲ್ ಪೇ ಮಾಡಿದ್ದು ಇದೆ, ವಾಟ್ಸಾಪ್ ಇದೆ, ಕಪ್ಪು ಹಿಡಿದ ಆ ಬಟ್ಟೆಯನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಟ್ಟಿದ್ದೇನೆ.

ಇನ್ನೊಂದು ವಿಷಯ. ನನ್ನ ಹಳೆಯ ಡಿರೇಲರ್ ಗುಜರಿ ಅಲ್ಲ, ಚೆನ್ನಾಗಿಯೇ ಇತ್ತು. ಯಾರಿಗಾದರೂ ಮಂಗಳೂರಿನಲ್ಲಿ 12 ಗೇರಿನ ಈಗಲ್ ಡಿರೇಲರನ್ನು ಹೊಸದು ಅಂತಲೋ, ಓಪನ್ ಬಾಕ್ಸ್ ಅಂತಲೋ ತೋರಿಸಿದರೆ ಕೇಜಿನ ಒಳಬದಿ ನೋಡಿ. ಕೆಳಗಿನ ಸ್ಕ್ರೂ ಪಕ್ಕದಲ್ಲಿ ಮೊಳೆಯಿಂದ ಗೀರಿದ ಸಣ್ಣ 'ನೀ' ಇದ್ದರೆ ಅದು ನನ್ನದು. ನಮ್ಮೂರು ನೀರ್ಚಾಲಿನ 'ನೀ'. ಅದರ ಮೇಲೆಯೂ ಮಾರ್ಕರ್ ಬಳಿದಿರಬಹುದು, ಒರೆಸಿ ನೋಡಿ.