ಹಿತ್ತಲ ತೊಟ್ಟಿಗೆ ರೆಡ್‌ಟೇಲಾ, ಶಾರ್ಕಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಶಾರ್ಕ್ ಪಕ್ಷ. ಸಮುದ್ರದ ಶಾರ್ಕ್ ಅಲ್ಲ, ಅಕ್ವೇರಿಯಂ ಅಂಗಡಿಯಲ್ಲಿ ಆ ಹೆಸರಿಟ್ಟು ಮಾರುವ ಪಂಗಾಸಿಯಸ್. ಮೆಕಾಂಗ್ ನದಿ ಕಡೆಯ ಕ್ಯಾಟ್‌ಫಿಶ್. ನಮ್ಮ ಹೋಟೆಲುಗಳಲ್ಲಿ ಬಾಸಾ ಅಂತ ತಟ್ಟೆಗೆ ಬರುವುದೂ ಬಹುಪಾಲು ಇದೇ.

ಆದರೆ ಮೊದಲು ತಂದಿದ್ದು ರೆಡ್‌ಟೇಲ್ ಕ್ಯಾಟ್‌ಫಿಶ್. ಮೀನು ಸಾಕುವವರ ಬಾಯಲ್ಲಿ ಅದು ಆರ್‌ಟಿಸಿ. "ಒಂದು ಆರ್‌ಟಿಸಿ ತಗೊಂಡೆ ಭಾವ" ಅಂದರೆ, "ಯಾವ ಊರ ಜಮೀನಿಂದು?" ಅಂತ ಕೇಳಿದರು. ನಾಲ್ಕು ಇಂಚಿನ ಮರಿ, 700 ರೂಪಾಯಿ. ಬಿಳಿ ಪಟ್ಟೆ, ಕೆಂಪು ಬಾಲ, ಉದ್ದ ಮೀಸೆ, ನೋಡಿದರೆ ಯಾರಿಗಾದರೂ ಆಸೆಯಾಗುತ್ತೆ. "ತೊಟ್ಟಿ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ ಸಾರ್" ಅಂದರು ಅಂಗಡಿಯವರು. ಶುದ್ಧ ಸುಳ್ಳು. ಅಮೆಜಾನಿನಲ್ಲಿ ನಾಲ್ಕು ಅಡಿ ದಾಟುವ ಮೀನು ಅದು. ನಮ್ಮಲ್ಲಿ ವರ್ಷ ತುಂಬುವ ಮೊದಲೇ ಒಂದೂವರೆ ಅಡಿ ಆಯ್ತು. ಜೊತೆಗಿದ್ದ ಆರು ಗೋಲ್ಡ್‌ಫಿಶ್ ಒಂದೊಂದಾಗಿ ಕಾಣೆಯಾದವು. ನಾನು ಪಾಪ ಎದುರುಮನೆ ಬೆಕ್ಕನ್ನು ಬೈಯುತ್ತಿದ್ದೆ.

ತಿಂದರೆ ತಿನ್ನಲಿ. ನನಗೆ ಬೇಜಾರಾಗಿದ್ದು ಅದು ಕಾಣಿಸುವುದೇ ಇಲ್ಲ ಅನ್ನೋದು. ಗಾಜಿನ ಟ್ಯಾಂಕಿನಲ್ಲಿ ಪಕ್ಕದಿಂದ ನೋಡುತ್ತೀರಿ, ತೊಟ್ಟಿಯಲ್ಲಿ ಮೇಲಿನಿಂದ. ರೆಡ್‌ಟೇಲ್ ಇಡೀ ದಿನ ತಳದಲ್ಲಿ ಬಿದ್ದಿರುತ್ತೆ. ಬಿಸಿಲಿಗೆ ನೀರು ಹಸಿರಾದ ಮೇಲೆ ಇನ್ನೇನು ಕಾಣುತ್ತೆ? ಕೆಂಪು ಬಾಲಕ್ಕೆ ಅಂತ ದುಡ್ಡು ಕೊಟ್ಟು ಹಸಿರು ನೀರು ನೋಡಿಕೊಂಡು ಕೂತಿದ್ದೆ.

ಆಮೇಲೆ ಚಳಿಗಾಲ. ಡಿಸೆಂಬರ್, ಜನವರಿಯ ಬೆಳಗ್ಗೆ ನಮ್ಮ ತೊಟ್ಟಿ ನೀರು 18 ಡಿಗ್ರಿಗೆ ಇಳಿಯುತ್ತೆ. ಮೀನು ಊಟ ಬಿಟ್ಟಿತು. ಹೀಟರ್ ಹಾಕೋಣ ಅಂತ ಲೆಕ್ಕ ಹಾಕಿದೆ. ನಮ್ಮದು ಹತ್ತಡಿ ಉದ್ದ, ಏಳಡಿ ಅಗಲ, ನಾಲ್ಕಡಿ ಆಳ, ಸುಮಾರು 8000 ಲೀಟರ್. ನಾಲ್ಕು ಡಿಗ್ರಿ ಏರಿಸಲು 37 ಯೂನಿಟ್ ಕರೆಂಟ್ ಬೇಕು. ಅದೂ ಒಂದು ಸಲಕ್ಕೆ. ರಾತ್ರಿ ಮತ್ತೆ ತಣ್ಣಗಾಗುತ್ತೆ, ಬೆಳಗ್ಗೆ ಮತ್ತೆ ಶುರು. ಸುಮ್ನೆ ಕೈಬಿಟ್ಟೆ.

ಶಾರ್ಕ್‌ಗೆ ಚಳಿ ಆಗಲ್ಲ, ಅದು ಗಟ್ಟಿ ಮೀನು ಅಂತ ಹೇಳೋರಿದ್ದಾರೆ, ನಂಬಬೇಡಿ. ಅದೂ ಮಂಕಾಗುತ್ತೆ. ಆ ದಿನಗಳಲ್ಲಿ ಕಾಳು ಕಮ್ಮಿ ಮಾಡುತ್ತೇನೆ, ಮೋಡ ಇದ್ದರೆ ಹಾಕುವುದೇ ಇಲ್ಲ. ಎರಡು ಚಳಿಗಾಲ ಹಾಗೇ ಕಳೆದಿವೆ.

ಗುಂಪಿನ ಮೀನು ಅದು, ಹಾಗಾಗಿ ನಾಲ್ಕು ತಂದಿದ್ದೆ. ಮರಿಗೆ 40 ರೂಪಾಯಿ. ತೇಲುವ ಕಾಳು ಎರಚಿದರೆ ಎಲ್ಲವೂ ಮೇಲೆ ಬಂದು ಸೊರ್ ಅಂತ ಹೀರುತ್ತವೆ. ಗಾಳಿ ಕುಡಿಯೋಕೂ ಆಗಾಗ ಮೇಲೆ ಬರುತ್ತವೆ. ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಇದರಿಂದ ಸ್ವಲ್ಪ ಧೈರ್ಯ.

ಇನ್ನು ಶಾರ್ಕ್‌ನ ದೊಡ್ಡ ತಲೆನೋವು. ಅದು ಪುಕ್ಕಲು ಮೀನು. ವಿಪರೀತ ಪುಕ್ಕಲು. ತಂದ ಹೊಸದರಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ಹಿತ್ತಲಿಂದ "ದಬ್" ಅಂತ ಸದ್ದು. ಒಂದಲ್ಲ, ಮೂರು ನಾಲ್ಕು ಸಲ. ಅಮ್ಮ "ಯಾರೋ ಕಾಂಪೌಂಡ್ ಹಾರಿದ್ರು ಕಣೋ" ಅಂತ ಎಬ್ಬಿಸಿದರು. ಕೋಲು ಹಿಡಿದು ಹೋದರೆ ಯಾರೂ ಇಲ್ಲ, ತೊಟ್ಟಿ ನೀರು ಮಾತ್ರ ಅಲ್ಲಾಡುತ್ತಿತ್ತು. ಹೀಗೇ ಒಂದು ವಾರ ನಡೆಯಿತು. ಒಂದು ಬೆಳಗ್ಗೆ ನೋಡಿದರೆ ಎಲ್ಲಕ್ಕಿಂತ ದೊಡ್ಡ ಮೀನಿನ ಮೂತಿ ಕಿತ್ತುಹೋಗಿದೆ, ತುದಿಯಲ್ಲಿ ಬಿಳಿ ಮಾಂಸ. ಇನ್ನೊಂದು ಒಗೆಯುವ ಕಲ್ಲಿನ ಪಕ್ಕ ಇರುವೆ ಮುತ್ತಿಸಿಕೊಂಡು ಸತ್ತು ಬಿದ್ದಿತ್ತು.

ಮೊದಲು ನೀರಿನ ದೋಷ ಅಂದುಕೊಂಡೆ. ಕಾವೇರಿ ನೀರಿನ ಕ್ಲೋರಿನ್ ಇರಬಹುದು ಅಂತ ಡಿಕ್ಲೋರಿನೇಟರ್ ಸುರಿದೆ. ಏನೂ ಆಗಲಿಲ್ಲ. ಕೊನೆಗೆ ಒಂದು ರಾತ್ರಿ ಬಚ್ಚಲ ಕಿಟಕಿಯಲ್ಲಿ ನಿಂತು ಕಾದೆ. ಎದುರುಮನೆ ಬೆಕ್ಕು ಬಂತು. ಹಿತ್ತಲ ಸೆನ್ಸರ್ ಲೈಟು ಫಕ್ಕನೆ ಹತ್ತಿತು. ಮರುಕ್ಷಣವೇ "ದಬ್"! ಕಳ್ಳರ ಭಯಕ್ಕೆ ನಾನೇ ಹಾಕಿಸಿದ ಲೈಟು. ಪಂಗಾಸಿಯಸ್‌ಗೆ ಕಣ್ಣು ಮಂದ. ಬೆದರಿದರೆ ಗೋಡೆ ಎಲ್ಲಿದೆ ಅಂತ ನೋಡದೆ ನುಗ್ಗುತ್ತೆ.

ಸೆನ್ಸರ್ ಕಿತ್ತು ಇಡೀ ರಾತ್ರಿ ಉರಿಯುವ ಜೀರೋ ಬಲ್ಬ್ ಹಾಕಿದೆ. ಮೇಲೆ ಹಸಿರು ಶೇಡ್ ನೆಟ್ ಬಿಗಿದೆ, ಕೊಕ್ಕರೆ ಕಾಟವೂ ತಪ್ಪಿತು. ಅಂಚಿಗೆ ಅಂತರಗಂಗೆ ಬಿಟ್ಟೆ. ಸದ್ದು ನಿಂತಿತು, ಮೂತಿ ಮಾಯಿತು. ದೀಪಾವಳಿಯ ಮೂರು ರಾತ್ರಿ ಮಾತ್ರ ಈಗಲೂ ಎದೆ ಢವಢವ. ರೆಡ್‌ಟೇಲ್‌ಗೆ ಈ ರಗಳೆ ಇರಲಿಲ್ಲ, ಲಕ್ಷ್ಮಿ ಪಟಾಕಿಗೂ ಅಲ್ಲಾಡದ ಪ್ರಾಣಿ ಅದು. ಅಷ್ಟು ಒಪ್ಪುತ್ತೇನೆ.

ಆಫ್ರಿಕನ್ ಕ್ಯಾಟ್‌ಫಿಶ್ ಮಾತೇ ಬೇಡ, ನಮ್ಮ ದೇಶದಲ್ಲಿ ಸಾಕುವುದು ನಿಷೇಧ.

ನಾನು ಎರಡು ವಾರಕ್ಕೊಮ್ಮೆ ಹಾಸನಕ್ಕೆ ಹೋಗುವವನು. ಮೂರು ದಿನ ಕಾಳು ಇಲ್ಲದಿದ್ದರೂ ಶಾರ್ಕ್ ನಡೆಸಿಕೊಳ್ಳುತ್ತೆ. ಸಂಜೆ ಕಾಫಿ ಹಿಡಿದು ಕೂತರೆ ಕಣ್ಣಿಗೆ ಬೀಳುತ್ತೆ. ಈಗ ಎರಡಡಿ ಹತ್ತಿರ ಇವೆ, ಇನ್ನೂ ಬೆಳೆದರೆ ನನ್ನ ತೊಟ್ಟಿಯೂ ಸಾಲದು, ಗೊತ್ತು. ಅದಕ್ಕೇ ಸತ್ತದ್ದರ ಜಾಗಕ್ಕೆ ಇನ್ನೊಂದು ತರಲಿಲ್ಲ.

ರೆಡ್‌ಟೇಲ್ ಅನ್ನು ಕೆರೆಗೆ ಬಿಟ್ಟುಬಿಡಿ ಅಂತ ಪಕ್ಕದ ಮನೆ ಅಂಕಲ್ ಅಂದರು. ಗೋಲ್ಡ್‌ಫಿಶ್‌ಗೆ ಆದ ಗತಿ ಕೆರೆ ಮೀನಿಗೂ ಆಗಬೇಕಾ? ಕನಕಪುರ ರಸ್ತೆಯಲ್ಲಿ ದೊಡ್ಡ ತೊಟ್ಟಿ ಇರುವ ಗೆಳೆಯನಿಗೆ ಪುಕ್ಕಟೆ ಕೊಟ್ಟೆ. ಅವನು ಹೀಟರ್ ಹಾಕಿಸಿದ್ದಾನೆ. ಜನವರಿಯಲ್ಲಿ ಮೀನಿನ ಫೋಟೋ ಕೇಳಿದರೆ ಕರೆಂಟ್ ಬಿಲ್ ಕಳಿಸುತ್ತಾನೆ.